ಸಸಿಮಡಿಯಲ್ಲೇ ಉಳಿದ ಪದಗಳು

ಹಳೆಯ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ತಿರುವಿಹಾಕುವವರಿಗೆ ಈ ನೋಟ ಪರಿಚಿತ. ಹದಿನೈದನೇ ಪುಟದಲ್ಲಿ ಒಂದು ಕಠಿಣ ಪದದ ಕೆಳಗೆ ಗೆರೆ, ಮೇಲೆ ಪೆನ್ಸಿಲಿನಲ್ಲಿ ಬರೆದ ಪುಟ್ಟ ಕನ್ನಡ ಅರ್ಥ. ಅರವತ್ತನೇ ಪುಟದಲ್ಲಿ ಅದೇ ಪದ, ಅದೇ ಕೈಬರಹ, ಅದೇ ಅರ್ಥ. ನೂರಾ ಮೂವತ್ತರಲ್ಲಿ ಮತ್ತೊಮ್ಮೆ. ಓದಿದವರು ಯಾರೋ ಏನೋ, ಶ್ರದ್ಧಾವಂತರು ಎಂಬುದಂತೂ ಖಚಿತ. ಮೂರು ಸಲ ನಿಘಂಟು ತೆರೆದಿದ್ದಾರೆ, ಮೂರು ಸಲ ಅರ್ಥ ತಿಳಿದುಕೊಂಡಿದ್ದಾರೆ. ಮೂರು ಸಲವೂ ಅದು ಜಾರಿಹೋಗಿದೆ.

ಇನ್ನೊಂದು ಕಡೆ ನೋಡಿ. 'ಅಡ್ಜಸ್ಟ್', 'ಟೆನ್ಷನ್', 'ಫ್ರೀ' ಇವನ್ನು ಯಾರೂ ಕುಳಿತು ಬಾಯಿಪಾಠ ಮಾಡಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಅವನ್ನು ಸರಿಯಾದ ಜಾಗದಲ್ಲೇ ಬಳಸುತ್ತಾಳೆ. ಆದರೆ ಜಿಆರ್‌ಇಗೋ ಬ್ಯಾಂಕ್ ಪರೀಕ್ಷೆಗೋ ರಾತ್ರಿಯಿಡೀ ಉರುಹೊಡೆದ 'ಎಫೆಮರಲ್', 'ಮಿಟಿಗೇಟ್', 'ಲೋಕ್ವೇಷಸ್' ಮುಂದಿನ ವಾರಕ್ಕೆ ಮುಖ ತೋರಿಸುವುದಿಲ್ಲ. ತೋರಿಸಿದರೂ ಎಲ್ಲೋ ನೋಡಿದ ನೆನಪು ಅಷ್ಟೆ. ಮಾತಿನ ನಡುವೆ ಬೇಕೆಂದಾಗ ನಾಲಗೆಗೆ ಬರುವುದಿಲ್ಲ. ಕಲಿಯದೆ ಬಂದದ್ದು ಉಳಿಯಿತು, ಕಷ್ಟಪಟ್ಟು ಕಲಿತದ್ದು ಹೋಯಿತು. ಯಾಕೆ ಹೀಗೆ?

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ಇದಕ್ಕೆ ತಾವೇ ಒಂದು ಉತ್ತರ ಕೊಟ್ಟುಕೊಂಡಿರುತ್ತಾರೆ: 'ಇಂಗ್ಲಿಷ್ ನನ್ನ ತಲೆಗೆ ಹತ್ತುವುದಿಲ್ಲ.' ಈ ಉತ್ತರ ತಪ್ಪು. ತಪ್ಪು ಎಂದು ತೋರಿಸಲು ನೂರು ವರ್ಷಕ್ಕೂ ಮೀರಿದ ಪ್ರಯೋಗಗಳ ಆಧಾರವಿದೆ.

ಮರೆವಿಗೂ ಒಂದು ಲೆಕ್ಕವುಂಟು

1880ರ ಆಸುಪಾಸಿನಲ್ಲಿ ಬರ್ಲಿನ್ನಿನಲ್ಲಿದ್ದ ಹರ್ಮನ್ ಎಬಿಂಗ್‌ಹೌಸ್ ಎಂಬ ತರುಣ ವಿಜ್ಞಾನಿ ತಮ್ಮ ಮೇಲೆಯೇ ಒಂದು ಪ್ರಯೋಗಕ್ಕೆ ತೊಡಗಿದರು. ಯಾವ ಅರ್ಥವೂ ಇಲ್ಲದ ಸುಮಾರು 2300 ಉಚ್ಚಾರಗಳನ್ನು ಹೊಸೆದು ಪಟ್ಟಿ ಮಾಡಿಕೊಂಡರು. ಒಂದೊಂದು ಪಟ್ಟಿಯನ್ನೂ ಒಂದೇ ಲಯದಲ್ಲಿ ಓದಿ ಓದಿ ಕಂಠಸ್ಥ ಮಾಡಿದರು. ಸ್ವಲ್ಪ ಹೊತ್ತೋ ಕೆಲವು ದಿನಗಳೋ ಕಳೆದ ಮೇಲೆ ಅದೇ ಪಟ್ಟಿಯನ್ನು ಮತ್ತೆ ಕಲಿತು, ಈ ಸಲ ಎಷ್ಟು ಕಡಿಮೆ ಶ್ರಮ ಸಾಕಾಯಿತು ಎಂದು ಅಳೆದರು. ಶ್ರಮ ಎಷ್ಟು ಉಳಿಯಿತೋ ಅಷ್ಟು ನೆನಪು ಒಳಗಿದೆ ಎಂದು ಅರ್ಥ. ಎಂಥ ಸರಳ, ಎಂಥ ಜಾಣ ಅಳತೆಗೋಲು!

1885ರಲ್ಲಿ ಪ್ರಕಟವಾದ ಅವರ ಪುಸ್ತಕದ ಲೆಕ್ಕ ಹೀಗಿತ್ತು: ಒಂದು ಗಂಟೆ ಕಳೆಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಕರಗಿತ್ತು. ಒಂದು ದಿನದ ಮೇಲೆ ಉಳಿದದ್ದು ಮೂರನೇ ಒಂದು ಭಾಗ. ತಿಂಗಳ ಮೇಲೆ ಉಳಿದದ್ದು ಐದನೇ ಒಂದು ಭಾಗ. ಮರೆವು ಮೊದಮೊದಲು ಧಡಧಡನೆ ಇಳಿದು ಆಮೇಲೆ ನಿಧಾನವಾಗುತ್ತದೆ. 2015ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅದೇ ಪ್ರಯೋಗವನ್ನು ಮರಳಿ ಮಾಡಿದಾಗಲೂ ಹೆಚ್ಚುಕಡಿಮೆ ಇದೇ ಇಳಿಜಾರು ಸಿಕ್ಕಿತು. ಅರ್ಥವಿರುವ ಪದಗಳು ಅರ್ಥವಿಲ್ಲದ ಉಚ್ಚಾರಗಳಿಗಿಂತ ಹೆಚ್ಚು ಕಾಲ ನಿಲ್ಲುತ್ತವೆ, ನಿಜ. ಆದರೆ ಇಳಿಜಾರಿನ ಆಕಾರ ಅದೇ.

ಗಮನಿಸಿ, ಹೀಗೆ ಮರೆತವರು ದಡ್ಡರಲ್ಲ. ಜರ್ಮನಿಯ ಒಬ್ಬ ಮೇಧಾವಿ, ಪೂರ್ತಿ ಗಮನಕೊಟ್ಟು, ಬೇರೆ ಕೆಲಸ ಬದಿಗಿಟ್ಟು ಕಲಿತದ್ದರ ಗತಿ ಇದು.

ಅಪರೂಪದ ಪದದ ಸಂಕಟ

ಹಾಗಾದರೆ 'ಅಡ್ಜಸ್ಟ್' ಹೇಗೆ ಉಳಿಯಿತು? ಅದು ಮರೆತುಹೋಗುವ ಮೊದಲೇ ಮತ್ತೆ ಕಿವಿಗೆ ಬಿತ್ತು. ಬಸ್ಸಿನ ಸೀಟಿನಲ್ಲಿ ಒಮ್ಮೆ, ಮದುವೆ ಮನೆಯಲ್ಲಿ ಒಮ್ಮೆ, ಬಾಡಿಗೆ ಮಾತುಕತೆಯಲ್ಲಿ ಒಮ್ಮೆ. ಪ್ರತಿ ಭೇಟಿಯೂ ಇಳಿಜಾರಿನಲ್ಲಿ ಜಾರುತ್ತಿದ್ದ ಪದವನ್ನು ಹಿಡಿದು ಮೇಲಕ್ಕೆತ್ತಿತು.

ಈ ಭಾಗ್ಯ ಎಲ್ಲ ಪದಕ್ಕೂ ಇಲ್ಲ. ಭಾಷೆಯಲ್ಲಿ ಪದಗಳ ಹಂಚಿಕೆ ಬಹಳ ಅಸಮ. ಅತಿ ಹೆಚ್ಚು ಬಳಕೆಯ 2000 ಇಂಗ್ಲಿಷ್ ಪದಕುಟುಂಬಗಳೇ ಯಾವುದೇ ಸಾಮಾನ್ಯ ಬರಹದ ಶೇಕಡ 80ರಷ್ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು ತುಂಬಿಬಿಡುತ್ತವೆ. ಪದಕುಟುಂಬ ಅಂದರೆ ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು. ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕದಂತೆ, ಕಾದಂಬರಿಯನ್ನೋ ದಿನಪತ್ರಿಕೆಯನ್ನೋ ನೂರಕ್ಕೆ 98 ಪದ ಗೊತ್ತಿರುವ ಮಟ್ಟದಲ್ಲಿ ಓದಬೇಕಾದರೆ 8000ದಿಂದ 9000 ಪದಕುಟುಂಬ ಬೇಕು. ಅಂದರೆ ಮೊದಲ ಎರಡು ಸಾವಿರ ಬರಹದ ಬಹುಪಾಲನ್ನು ಹೊತ್ತರೆ, ಉಳಿದ ಆರೇಳು ಸಾವಿರ ಪದಗಳು ಅಲ್ಲೊಂದು ಇಲ್ಲೊಂದು ಇಣುಕುತ್ತವೆ. ನಾವು 'ಕಠಿಣ ಪದ' ಎನ್ನುವುದು ಈ ಗುಂಪನ್ನೇ. ಅವುಗಳ ಅರ್ಥ ಬಹಳ ಸಲ ಕಠಿಣವೇನಲ್ಲ. 'ಎಫೆಮರಲ್' ಅಂದರೆ ಕ್ಷಣಿಕ, ಅಷ್ಟೆ. ಕಠಿಣ ಎನಿಸುವುದು ಅವು ಅಪರೂಪವಾದ್ದರಿಂದ.

ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಲಕ್ಷ ಪದಕ್ಕೊಮ್ಮೆ ಕಾಣಿಸುವ ಒಂದು ಪದವಿದೆ ಎನ್ನಿ. ನೀವು ದಿನಕ್ಕೆ ಅರ್ಧ ಗಂಟೆ, ನಿಮಿಷಕ್ಕೆ 200 ಪದದ ವೇಗದಲ್ಲಿ ಇಂಗ್ಲಿಷ್ ಓದುತ್ತೀರಿ. ದಿನಕ್ಕೆ 6000 ಪದವಾಯಿತು. ಹತ್ತು ಲಕ್ಷ ತಲುಪಲು 160 ದಿನಕ್ಕೂ ಹೆಚ್ಚು ಬೇಕು. ಇಂದು ಭೇಟಿಯಾದ ಆ ಪದ ಸರಾಸರಿ ಐದು ತಿಂಗಳ ನಂತರ ಮತ್ತೆ ಸಿಗುತ್ತದೆ! ಅಷ್ಟರಲ್ಲಿ ಎಬಿಂಗ್‌ಹೌಸರ ಇಳಿಜಾರು ತನ್ನ ಕೆಲಸ ಮುಗಿಸಿರುತ್ತದೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 1987ರಲ್ಲಿ ಶಾಲಾಮಕ್ಕಳಿಗೆ ಸಹಜ ಬರಹ ಓದಲು ಕೊಟ್ಟು, ಗೊತ್ತಿಲ್ಲದ ಪದ ಒಂದೇ ಸಲದ ಓದಿನಲ್ಲಿ ಎಷ್ಟರಮಟ್ಟಿಗೆ ಒಳಗೆ ಇಳಿಯುತ್ತದೆ ಎಂದು ನೋಡಿದ್ದರು. ಇಪ್ಪತ್ತು ಪದಕ್ಕೆ ಒಂದರಂತೆ. ಅದೂ ತಮ್ಮ ಮಾತೃಭಾಷೆಯಲ್ಲಿ. ಮಕ್ಕಳು ವರ್ಷಕ್ಕೆ ಓದುವ ಪದಗಳ ರಾಶಿ ದೊಡ್ಡದಾದ್ದರಿಂದ ಈ ಚಿಕ್ಕ ಅಂಶವೂ ಅವರ ಪದಸಂಪತ್ತನ್ನು ಬೆಳೆಸುತ್ತದೆ. ಓದುವುದೇ ಕಡಿಮೆಯಿದ್ದವರಿಗೆ, ಎರಡನೇ ಭಾಷೆಯಾಗಿ ಕಲಿಯುವವರಿಗೆ ಆ ಸೌಲಭ್ಯವಿಲ್ಲ.

ಹೊಸ ಪದ ಕಲಿಯಲಾಗದ ಮನುಷ್ಯ

ಪದವೊಂದು ತಲೆಯೊಳಗೆ ನೆಲೆಸುವುದು ಎಂದರೇನು? ಇದನ್ನು ತಿಳಿಸಿಕೊಟ್ಟವರಲ್ಲಿ ಹೆನ್ರಿ ಮೊಲೈಸನ್ ಅವರ ಋಣ ದೊಡ್ಡದು. ಅಮೆರಿಕದ ಕನೆಕ್ಟಿಕಟ್‌ನವರಾದ ಅವರಿಗೆ ತೀವ್ರ ಮೂರ್ಛೆರೋಗವಿತ್ತು. 1953ರಲ್ಲಿ, ಅವರ 27ನೇ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮಿದುಳಿನ ಎರಡೂ ಪಕ್ಕದ ಒಳಭಾಗದಿಂದ ಹಿಪೊಕ್ಯಾಂಪಸ್ ಎಂಬ ಅಂಗದ ಬಹುಪಾಲನ್ನು ತೆಗೆದುಹಾಕಿದರು. ಕಡಲ್ಗುದುರೆಯ ಆಕಾರದ ಪುಟ್ಟ ಅಂಗ ಅದು. ಮೂರ್ಛೆ ತಗ್ಗಿತು. ಆದರೆ ಅಲ್ಲಿಂದ ಮುಂದೆ ನಡೆದ ಯಾವುದೂ ಹೆನ್ರಿಯವರ ನೆನಪಿನಲ್ಲಿ ನಿಲ್ಲಲಿಲ್ಲ. ಆಗಷ್ಟೇ ಮಾತಾಡಿಸಿ ಹೊರಗೆ ಹೋಗಿಬಂದ ವೈದ್ಯರನ್ನು ಹೊಸಬರಂತೆ ಕಾಣುತ್ತಿದ್ದರು.

ಅವರ ಹಳೆಯ ಇಂಗ್ಲಿಷ್ ಮಾತ್ರ ಅಲುಗಾಡದೆ ಉಳಿಯಿತು. ಸೊಗಸಾಗಿ ಮಾತಾಡುತ್ತಿದ್ದರು, ಪದಬಂಧ ಬಿಡಿಸುವುದು ಅವರ ಇಷ್ಟದ ಹವ್ಯಾಸ. 1988ರಲ್ಲಿ ಸಂಶೋಧಕರು ಅವರಿಗೆ ಕೆಲವು ಅಪರೂಪದ ಇಂಗ್ಲಿಷ್ ಪದಗಳ ಅರ್ಥ ಕಲಿಸಲು ಯತ್ನಿಸಿದರು. ನಮ್ಮ ಪರೀಕ್ಷಾರ್ಥಿಗಳು ಎದುರಿಸುವಂಥವೇ ಪದಗಳು. ಆರೋಗ್ಯವಂತರು ಕೆಲವೇ ಸುತ್ತಿನಲ್ಲಿ ಕಲಿತರು. ಹೆನ್ರಿ ಮತ್ತೆ ಮತ್ತೆ, ಮತ್ತೆ ಮತ್ತೆ ಪ್ರಯತ್ನಿಸಿದರೂ ಆಗಲಿಲ್ಲ. ಶಸ್ತ್ರಕ್ರಿಯೆಯ ನಂತರ ಇಂಗ್ಲಿಷಿಗೆ ಸೇರಿದ ಹೊಸ ಪದಗಳೂ ಬಹುಪಾಲು ಅವರಿಗೆ ಅಪರಿಚಿತವಾಗಿಯೇ ಉಳಿದವು. 2008ರಲ್ಲಿ ತೀರಿಕೊಳ್ಳುವವರೆಗೂ ಅರ್ಧ ಶತಮಾನ ಅವರು ತಾಳ್ಮೆಯಿಂದ ವಿಜ್ಞಾನಿಗಳ ಜೊತೆ ಕುಳಿತರು. ಇಂದು ನಾವು ನೆನಪಿನ ಬಗ್ಗೆ ತಿಳಿದಿರುವ ಎಷ್ಟೋ ಸಂಗತಿಗಳು ಆ ತಾಳ್ಮೆಯ ಕೊಡುಗೆ.

ಇದರಿಂದ ತಿಳಿದದ್ದು ಇಷ್ಟು. ಹೊಸ ಪದವನ್ನು ಮೊದಲು ಹಿಡಿದಿಡುವ ಜಾಗ ಬೇರೆ, ಹಳೆಯ ಪದಗಳು ನೆಲೆಸಿರುವ ಜಾಗ ಬೇರೆ. ಹಿಪೊಕ್ಯಾಂಪಸ್ ಹೋದರೂ ಹಳೆಯ ಪದಗಳು ಮಿದುಳಿನ ಹೊರಪದರದಲ್ಲಿ ಸುರಕ್ಷಿತವಾಗಿದ್ದವು. ಹೊಸದಕ್ಕೆ ಒಳಗೆ ಬರುವ ಬಾಗಿಲು ಮುಚ್ಚಿತ್ತು.

ಸಸಿಮಡಿ ಮತ್ತು ಗದ್ದೆ

ಭತ್ತ ಬೆಳೆಯುವವರಿಗೆ ಈ ವ್ಯವಸ್ಥೆ ಅರ್ಥವಾಗಲು ಹೆಚ್ಚು ವಿವರಣೆ ಬೇಡ. ಬೀಜವನ್ನು ನೇರವಾಗಿ ಗದ್ದೆಗೆ ಚೆಲ್ಲುವುದಿಲ್ಲ. ಮೊದಲು ಸಸಿಮಡಿ, ಮಂಡ್ಯದ ಕಡೆಯವರ ಒಟ್ಲು. ಅಲ್ಲಿ ದಟ್ಟವಾಗಿ ಚೆಲ್ಲಿದ ಬೀಜ ಬೇಗ ಮೊಳೆತು ಹಸಿರಾಗುತ್ತದೆ. ನೋಡಲು ಚೆಂದ. ಆದರೆ ಮಡಿಯಲ್ಲೇ ಬಿಟ್ಟರೆ ತೆನೆ ಕಟ್ಟುವುದಿಲ್ಲ. ಹದಕ್ಕೆ ಬಂದಾಗ ಸಸಿಯನ್ನು ಕೀಳಬೇಕು, ಗದ್ದೆಯಲ್ಲಿ ಅಂತರ ಬಿಟ್ಟು ನಾಟಿ ಮಾಡಬೇಕು. ಗದ್ದೆಯ ಮಣ್ಣಿಗೆ ಬೇರು ಹಿಡಿಯಲು ಸಮಯ ಬೇಕು.

ಹಿಪೊಕ್ಯಾಂಪಸ್ ಸಸಿಮಡಿ, ಹೊರಪದರ ಗದ್ದೆ. ಮೊದಲನೆಯದನ್ನು ಚುರುಕು ನೆನಪು, ಎರಡನೆಯದನ್ನು ನೆಲೆ ನೆನಪು ಎಂದು ಕರೆಯೋಣ. ಒಂದೇ ರಾತ್ರಿ ಐವತ್ತು ಪದ ಉರುಹೊಡೆದಾಗ ಅವು ಚುರುಕು ನೆನಪಿನಲ್ಲಿ ದಟ್ಟವಾಗಿ ಮೊಳೆಯುತ್ತವೆ. ಮರುದಿನ ಬೆಳಿಗ್ಗೆ ಯಾರಾದರೂ ಕೇಳಿದರೆ ಪಟಪಟ ಉತ್ತರ. ಆ ಹಸಿರನ್ನೇ ಬೆಳೆ ಎಂದುಕೊಂಡು ಮುಂದಿನ ಐವತ್ತಕ್ಕೆ ಹೋಗುತ್ತೇವೆ.

ಮಿದುಳು ಯಾಕೆ ಹೀಗೆ ಎರಡು ಜಾಗ ಇಟ್ಟುಕೊಂಡಿದೆ? ನೇರವಾಗಿ ಹೊರಪದರಕ್ಕೇ ಬರೆದುಕೊಳ್ಳಬಾರದೆ? 1995ರಲ್ಲಿ ಜೇಮ್ಸ್ ಮೆಕ್ಲೆಲೆಂಡ್ ಮತ್ತು ಸಂಗಡಿಗರು ಇದಕ್ಕೊಂದು ಒಪ್ಪುವ ಕಾರಣ ಕೊಟ್ಟರು. ಕಂಪ್ಯೂಟರಿನಲ್ಲಿ ಕಟ್ಟಿದ ನರಜಾಲದ ಮಾದರಿಗಳಿಗೆ ಹೊಸ ಸಂಗತಿಯನ್ನು ಒಮ್ಮೆಲೇ, ಅವಸರದಲ್ಲಿ ಕಲಿಸಿದರೆ ಅವು ಹಳೆಯದನ್ನು ಕಳೆದುಕೊಳ್ಳುತ್ತಿದ್ದವು. ಒಂದೇ ಸಂಪರ್ಕಗಳ ಬಲೆಯಲ್ಲಿ ಸಾವಿರಾರು ಸಂಗತಿಗಳು ಹಂಚಿಕೊಂಡಿರುವಾಗ, ಒಂದಕ್ಕಾಗಿ ಜೋರಾಗಿ ಎಳೆದರೆ ಮಿಕ್ಕವು ಅಸ್ತವ್ಯಸ್ತ. ಹೊಸದನ್ನು ಸ್ವಲ್ಪಸ್ವಲ್ಪವಾಗಿ, ಹಳೆಯದರ ನಡುನಡುವೆ ಸೇರಿಸಿದರೆ ಎರಡೂ ಉಳಿಯುತ್ತವೆ. ಆದ್ದರಿಂದಲೇ ಹೊರಪದರ ನಿಧಾನಿ. ಅದು ಅದರ ದೌರ್ಬಲ್ಯವಲ್ಲ, ನಮ್ಮ ಹಳೆಯ ಜ್ಞಾನವನ್ನೆಲ್ಲ ಕಾಯುವ ಗುಣ.

ನಾಟಿಯ ಒಂದು ಪಾಲು ನಿದ್ದೆಯಲ್ಲಿ ನಡೆಯುತ್ತದೆ ಎಂಬುದಕ್ಕೆ ಒಂದು ಸುಂದರ ಪ್ರಯೋಗವಿದೆ. 2007ರಲ್ಲಿ ನಿಕೊಲಾ ದ್ಯುಮೆ ಮತ್ತು ಗ್ಯಾರೆತ್ ಗ್ಯಾಸ್ಕೆಲ್ 'ಕತೀಡ್ರೂಕ್' ಎಂಬಂಥ ಸುಳ್ಳುಪದಗಳನ್ನು ಜನರಿಗೆ ಕಲಿಸಿದರು. 'ಕತೀಡ್ರಲ್' ಎಂಬ ನಿಜಪದದ ಬಾಲ ಬದಲಿಸಿ ಮಾಡಿದ್ದು ಅದು. ಕತೀಡ್ರೂಕ್ ನಿಜವಾಗಿ ಮನಸ್ಸಿನ ಪದಕೋಶದೊಳಗೆ ಸೇರಿಕೊಂಡರೆ ಏನಾಗಬೇಕು? ಮುಂದೆ 'ಕತೀಡ್ರ' ಎಂದು ಕಿವಿಗೆ ಬಿದ್ದೊಡನೆ ಎರಡು ಪದ ಪೈಪೋಟಿಗೆ ಏಳಬೇಕು, ಕತೀಡ್ರಲ್ ಅನ್ನು ಗುರುತಿಸುವುದು ಕೊಂಚ ತಡವಾಗಬೇಕು. ಬೆಳಿಗ್ಗೆ ಕಲಿತವರಲ್ಲಿ ಅದೇ ಸಂಜೆ ಈ ತಡ ಕಾಣಲಿಲ್ಲ. ರಾತ್ರಿ ಕಲಿತು ಮಲಗಿ ಎದ್ದವರಲ್ಲಿ ಕಂಡಿತು. ಎರಡೂ ಗುಂಪಿಗೆ ನಡುವೆ ಸಿಕ್ಕಿದ್ದು ಹನ್ನೆರಡೇ ಗಂಟೆ. ಬೆಳಿಗ್ಗೆ ಕಲಿತವರಲ್ಲೂ ಒಂದು ರಾತ್ರಿ ಕಳೆದ ಮೇಲೆ ಕಂಡಿತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಪದ ಕಲಿಯುವ ಮಕ್ಕಳಿಗೆ ಈ ಒಂದು ಸಂಗತಿಯನ್ನಾದರೂ ಯಾರಾದರೂ ಹೇಳಬೇಕು.

ಕೀಳದೆ ನಾಟಿಯಿಲ್ಲ

ನಿದ್ದೆ ತಾನಾಗಿ ಮಾಡುವ ಕೆಲಸ ಅದು. ನಾವು ಮಾಡಬಹುದಾದ್ದು ಏನು? ಹೆಚ್ಚಿನವರು ಮಾಡುವುದು ಮರುಓದು. ಪಟ್ಟಿ ಹಿಡಿದು ಪದ ನೋಡುವುದು, ಪಕ್ಕದ ಅರ್ಥ ನೋಡುವುದು, 'ಹೌದು, ಗೊತ್ತು' ಎಂದುಕೊಂಡು ಕೆಳಗೆ ಇಳಿಯುವುದು. ಇದು ಮಡಿಗೆ ಮತ್ತೆ ಮತ್ತೆ ನೀರು ಹಾಯಿಸಿದ ಹಾಗೆ. ಸಸಿ ಹಸಿರಾಗಿಯೇ ಇರುತ್ತದೆ, ಇದ್ದಲ್ಲೇ ಇರುತ್ತದೆ.

2008ರಲ್ಲಿ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ಪ್ರಕಟಿಸಿದ ಪ್ರಯೋಗ ಪದ ಕಲಿಯುವ ಪ್ರತಿಯೊಬ್ಬರೂ ತಿಳಿದಿರಬೇಕಾದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದಗಳನ್ನು ಅವುಗಳ ಇಂಗ್ಲಿಷ್ ಅರ್ಥದೊಂದಿಗೆ ಕಲಿಸಿದರು. ಓದು, ಪರೀಕ್ಷೆ, ಓದು, ಪರೀಕ್ಷೆ ಎಂದು ಸುತ್ತುಗಳು ಸಾಗಿದವು. ಒಂದು ಪದ ಒಮ್ಮೆ ಸರಿಯಾಗಿ ನೆನಪಿಗೆ ಬಂದ ಮೇಲೆ ಮುಂದೇನು ಮಾಡಬೇಕು ಎಂಬುದರಲ್ಲಿ ಮಾತ್ರ ಗುಂಪುಗಳ ನಡುವೆ ವ್ಯತ್ಯಾಸ. ಒಂದು ಗುಂಪು ಆ ಪದವನ್ನು ಮತ್ತೆ ಓದುತ್ತಿತ್ತು, ಆದರೆ ಅದರ ಮೇಲೆ ಪರೀಕ್ಷೆ ಇರಲಿಲ್ಲ. ಇನ್ನೊಂದು ಗುಂಪು ಅದನ್ನು ಮತ್ತೆ ಓದುತ್ತಿರಲಿಲ್ಲ, ಆದರೆ ಪ್ರತಿ ಸುತ್ತಿನಲ್ಲೂ ನೆನಪಿನಿಂದ ಹೇಳಲೇಬೇಕಿತ್ತು. ಮೊದಲ ದಿನದ ಕೊನೆಗೆ ಎಲ್ಲರಿಗೂ ಎಲ್ಲ ಪದ ಬರುತ್ತಿತ್ತು.

ಒಂದು ವಾರದ ನಂತರ ಕರೆದು ಕೇಳಿದರು. ನೆನಪಿನಿಂದ ಹೇಳುತ್ತ ಹೋದವರಿಗೆ ಶೇಕಡ 80ರಷ್ಟು ಪದ ಉಳಿದಿತ್ತು. ಓದುತ್ತ ಹೋದವರಿಗೆ ಉಳಿದದ್ದು ಮೂರರಲ್ಲಿ ಒಂದರಷ್ಟು. ಹೆಚ್ಚುವರಿ ಓದು ಕೊಟ್ಟ ಲಾಭ ಹೆಚ್ಚುಕಡಿಮೆ ಶೂನ್ಯ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅಲ್ಲಿತ್ತು. ಮೊದಲ ದಿನವೇ ವಿದ್ಯಾರ್ಥಿಗಳನ್ನು 'ವಾರದ ಮೇಲೆ ನಿಮಗೆ ಎಷ್ಟು ನೆನಪಿರಬಹುದು' ಎಂದು ಕೇಳಿದ್ದರು. ಎಲ್ಲ ಗುಂಪಿನವರೂ ಅರ್ಧದಷ್ಟು ಎಂದಿದ್ದರು. ಯಾವ ವಿಧಾನ ತಮ್ಮನ್ನು ಕಾಪಾಡುತ್ತಿದೆ, ಯಾವುದು ಕೈಬಿಡುತ್ತಿದೆ ಎಂಬುದು ಕಲಿಯುವವರಿಗೇ ತಿಳಿಯಲಿಲ್ಲ. ಮರುಓದು ಹಾಯಾಗಿರುತ್ತದೆ, ಪರಿಚಯದ ಭಾವ ಕೊಡುತ್ತದೆ. ನೆನಪಿನಿಂದ ಕೀಳುವುದು ಕಷ್ಟ, ತಡವರಿಸುತ್ತೇವೆ, ಬರುತ್ತಿಲ್ಲವಲ್ಲ ಎಂದು ನೋಯುತ್ತೇವೆ. ಆ ನೋವಿನ ಕ್ಷಣದಲ್ಲೇ ಸಸಿ ಮಡಿಯಿಂದ ಮೇಲೇಳುತ್ತಿರುತ್ತದೆ. ಮನೋವಿಜ್ಞಾನಿಗಳು ರಿಟ್ರೀವಲ್ ಪ್ರಾಕ್ಟೀಸ್ ಎನ್ನುವ ಇದನ್ನು 'ಕಿತ್ತು ನೆನೆಯುವುದು' ಎನ್ನಬಹುದು.

ನಾರ್ಮನ್ ಲೂಯಿಸ್ ಅವರ 'ವರ್ಡ್ ಪವರ್ ಮೇಡ್ ಈಸಿ' 1949ರ ಪುಸ್ತಕ. ಬೆಂಗಳೂರಿನ ಫುಟ್‌ಪಾತ್ ಅಂಗಡಿಗಳಲ್ಲಿ ಇಂದಿಗೂ ರಾಶಿ ಬಿದ್ದಿರುತ್ತದೆ. ಅದರ ಗ್ರೀಕ್, ಲ್ಯಾಟಿನ್ ಮೂಲಗಳ ವಿವರಣೆಯನ್ನು ಎಲ್ಲರೂ ಹೊಗಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ಜೀವ ಇರುವುದು ಖಾಲಿಗೆರೆಗಳಲ್ಲಿ. ನಾಲ್ಕು ಪುಟಕ್ಕೊಮ್ಮೆ ಲೇಖಕರು ಓದುಗರನ್ನು ತಡೆದು, ಅರ್ಥ ಕೊಟ್ಟು ಪದ ಕೇಳುತ್ತಾರೆ. ಆ ಗೆರೆಗಳನ್ನು ತುಂಬದೆ ಬರೀ ಓದಿ ಮುಗಿಸಿದವರು ಪುಸ್ತಕದ ಅರ್ಧವನ್ನು ಬಿಟ್ಟಂತೆಯೇ.

ಸಾಲಿನ ನಡುವಿನ ಅಂತರ

ಯಾವಾಗ ಕೀಳಬೇಕು? ಬಿತ್ತಿದ ಮರುದಿನ ಕಿತ್ತರೆ ಕೈಗೆ ಏನೂ ಬರುವುದಿಲ್ಲ. ಬಹಳ ದಿನ ಬಿಟ್ಟರೆ ಸಸಿ ಬಲಿತು ಹಳದಿಯಾಗುತ್ತದೆ. ಪದಗಳ ವಿಷಯದಲ್ಲೂ ಹದ ಮುಖ್ಯ. ಈಗಷ್ಟೇ ನೋಡಿದ್ದನ್ನು ಈಗಲೇ ಹೇಳುವುದು ಸುಲಭ, ಅದಕ್ಕೇ ಫಲ ಕಡಿಮೆ. ಇನ್ನೇನು ಜಾರಿತು ಎನ್ನುವ ಹೊತ್ತಿಗೆ ಹಿಡಿದೆಳೆದರೆ ಫಲ ಹೆಚ್ಚು. ಮತ್ತೆ, ಪ್ರತಿ ಸಲ ಕಿತ್ತು ನೆನೆದಾಗಲೂ ಮುಂದಿನ ಇಳಿಜಾರು ಸ್ವಲ್ಪ ಮಟ್ಟಸವಾಗುವುದರಿಂದ, ನಡುವಿನ ಬಿಡುವನ್ನು ಹಿಗ್ಗಿಸುತ್ತ ಹೋಗಬಹುದು.

ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಬಾರಿಕ್ ಇದನ್ನು ಪರೀಕ್ಷಿಸಲು ತಮ್ಮ ಕುಟುಂಬವನ್ನೇ ಕೂರಿಸಿದರು. ಮನೆಯ ನಾಲ್ವರು ಸೇರಿ ಪರಭಾಷೆಯ ತಲಾ 300 ಪದಗಳನ್ನು ಕಲಿತರು. ಕೆಲವು ಪದಗಳ ಆವೃತ್ತಿ 14 ದಿನಕ್ಕೊಮ್ಮೆ, ಕೆಲವಕ್ಕೆ 28, ಕೆಲವಕ್ಕೆ 56. ಆಮೇಲೆ ಐದು ವರ್ಷದವರೆಗೂ ನೆನಪನ್ನು ಅಳೆದರು. ಅಧ್ಯಯನ ಒಟ್ಟು ಒಂಬತ್ತು ವರ್ಷ ನಡೆಯಿತು. 1993ರಲ್ಲಿ ನಾಲ್ವರ ಹೆಸರಿನಲ್ಲೂ ಪ್ರಬಂಧ ಬಂತು. 56 ದಿನದ ಅಂತರದಲ್ಲಿ 13 ಸಲ ಮಾಡಿದ ಆವೃತ್ತಿ, 14 ದಿನದ ಅಂತರದಲ್ಲಿ 26 ಸಲ ಮಾಡಿದ್ದಕ್ಕೆ ಸರಿಸಮನಾಗಿತ್ತು. ಅರ್ಧ ಶ್ರಮಕ್ಕೆ ಅದೇ ಬೆಳೆ. ಅಂತರ ಹೆಚ್ಚಿದ್ದಾಗ ಪ್ರತಿ ಸಲ ಕೂತಾಗಲೂ ಹೆಚ್ಚು ಮರೆತಿರುತ್ತಿತ್ತು, ಕಲಿಕೆ ಕೊಂಚ ಕುಂಟುತ್ತಿತ್ತು. ಆ ಕುಂಟುವಿಕೆಯೇ ವರ್ಷಗಳ ಮೇಲೆ ಲಾಭವಾಯಿತು.

ಇದನ್ನು ಮನೆಯಲ್ಲಿ ಮಾಡುವ ಉಪಾಯವನ್ನು ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲೇ ಕೊಟ್ಟಿದ್ದರು. ಐದು ಅಂಕಣದ ಒಂದು ಪೆಟ್ಟಿಗೆ, ಒಂದೊಂದು ಪದಕ್ಕೆ ಒಂದೊಂದು ಚೀಟಿ. ಸರಿಯಾಗಿ ನೆನಪಾದ ಚೀಟಿ ಮುಂದಿನ ಅಂಕಣಕ್ಕೆ, ಅಲ್ಲಿ ಸರದಿ ತಡವಾಗಿ ಬರುತ್ತದೆ. ತಪ್ಪಿದ್ದು ಮೊದಲ ಅಂಕಣಕ್ಕೆ ವಾಪಸ್. 2006ರಲ್ಲಿ ಬಂದ ಆಂಕಿ ಎಂಬ ಕಂಪ್ಯೂಟರ್ ತಂತ್ರಾಂಶ ಇದೇ ಕೆಲಸವನ್ನು ಲೆಕ್ಕ ಹಾಕಿ ಮಾಡುತ್ತದೆ. ಕನ್ನಡ ಲಿಪಿಯಲ್ಲೂ ಚೀಟಿ ಬರೆಯಬಹುದು. ಆದರೆ ರಟ್ಟಿನ ಡಬ್ಬಿ ಮತ್ತು ಹಳೆಯ ಮದುವೆ ಕರೆಯೋಲೆ ಕತ್ತರಿಸಿ ಮಾಡಿದ ಚೀಟಿಗಳೂ ಇದಕ್ಕೆ ಸಾಕು. ಐದು ತಿಂಗಳಿಗೊಮ್ಮೆ ಭೇಟಿಯಾಗುವ ಅಪರೂಪದ ಪದಕ್ಕೆ ಈ ಪೆಟ್ಟಿಗೆ ಮೂರನೇ ದಿನ, ಹತ್ತನೇ ದಿನ, ತಿಂಗಳ ಮೇಲೆ ಭೇಟಿ ಏರ್ಪಡಿಸುತ್ತದೆ. 'ಅಡ್ಜಸ್ಟ್' ಪದಕ್ಕೆ ಬೀದಿಯೇ ಮಾಡಿಕೊಟ್ಟ ಉಪಕಾರ ಇದು.

ಪದದ ಒಡನಾಟ

ಇಷ್ಟೆಲ್ಲ ಮಾಡಿ ಅರ್ಥ ಗಟ್ಟಿಯಾಯಿತು ಎನ್ನಿ. ಬಳಕೆ? ಇಲ್ಲಿ ಚೀಟಿಯಲ್ಲಿ ಏನು ಬರೆದಿದ್ದೇವೆ ಎಂಬುದು ಮುಖ್ಯವಾಗುತ್ತದೆ.

ಕನ್ನಡದಲ್ಲಿ ನಾವು ರೈಲು ರದ್ದು ಮಾಡುತ್ತೇವೆ, ಪರವಾನಗಿ ರದ್ದು ಮಾಡುತ್ತೇವೆ, ಕಾಯ್ದೆ ರದ್ದು ಮಾಡುತ್ತೇವೆ, ಅನಿಷ್ಟ ಪದ್ಧತಿಯನ್ನೂ ರದ್ದು ಮಾಡುತ್ತೇವೆ. ಇಂಗ್ಲಿಷಿನಲ್ಲಿ ರೈಲಿಗೆ 'ಕ್ಯಾನ್ಸಲ್', ಪರವಾನಗಿಗೆ 'ರಿವೋಕ್'. 2021ರಲ್ಲಿ ಕೃಷಿ ಕಾಯ್ದೆಗಳು ಹೋದದ್ದು 'ರಿಪೀಲ್' ಆಗಿ. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಗೆ ಬಳಸಿದ್ದು 'ಅಬಾಲಿಶ್'. ನಾಲ್ಕೂ ಚೀಟಿಯ ಹಿಂದೆ 'ರದ್ದುಮಾಡು' ಎಂದಷ್ಟೇ ಬರೆದಿದ್ದರೆ, ಅರ್ಥ ಸರಿಯಾಗಿ ಗೊತ್ತಿರುವ ವಿದ್ಯಾರ್ಥಿಯೇ 'ರೈಲನ್ನು ಅಬಾಲಿಶ್ ಮಾಡಿದರು' ಎಂದು ಬರೆದಾನು. ತಪ್ಪು ಅವನದಲ್ಲ, ಚೀಟಿಯದು.

ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಒಂದು ಕಾಲಕ್ಕೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಪದದ ಅರ್ಥದ ಒಂದು ಪಾಲು ಅದರ ಅಕ್ಕಪಕ್ಕ ಯಾವ ಪದಗಳು ಕೂರುತ್ತವೆ ಎಂಬುದರಲ್ಲೇ ಇದೆ ಎಂದು ಅವರು ವಾದಿಸಿದರು. ಕೊಲೊಕೇಷನ್ ಎನ್ನುವ ಇದನ್ನು ಪದದ ಒಡನಾಟ ಎನ್ನೋಣ. ಅವರ ಹಾದಿಯಲ್ಲಿ ಮುಂದುವರಿದ ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ತಂಡ, ಬರಹ ಮತ್ತು ಮಾತಿನ ದೊಡ್ಡ ಸಂಗ್ರಹವನ್ನು ಕಂಪ್ಯೂಟರಿಗೆ ತುಂಬಿ 1987ರಲ್ಲಿ ಕೊಬಿಲ್ಡ್ ನಿಘಂಟು ತಂದಿತು. ಅದರಲ್ಲಿ ಅರ್ಥವನ್ನು ಪೂರ್ತಿ ವಾಕ್ಯದಲ್ಲೇ ವಿವರಿಸಿರುತ್ತಾರೆ. ಇಂಥ ಸಂಗ್ರಹಗಳನ್ನು ಜಾಲಾಡಿದಾಗ ಇಂಗ್ಲಿಷರೂ ಗಮನಿಸಿರದ ಗುಣಗಳು ಹೊರಬಂದವು. 'ಕಾಸ್' ಎಂಬ ಕ್ರಿಯಾಪದದ ನಿಘಂಟಿನ ಅರ್ಥ ಉಂಟುಮಾಡು, ಅಷ್ಟೆ. ನಿಜ ಬಳಕೆಯಲ್ಲಿ ಅದರ ಮುಂದೆ ಬಂದು ಕೂರುವವು ಬಹುಪಾಲು ಹಾನಿ, ತೊಂದರೆ, ಸಾವು, ಆತಂಕ. ಸಂತೋಷ ಉಂಟುಮಾಡಿತು ಎನ್ನಲು ಅದನ್ನು ಬಳಸಿದರೆ ವ್ಯಾಕರಣ ತಪ್ಪಲ್ಲ, ಕಿವಿಗೆ ಮಾತ್ರ ಚುಚ್ಚುತ್ತದೆ. ಯಾವ ಪಟ್ಟಿಯೂ ಇದನ್ನು ಹೇಳಿಕೊಡುವುದಿಲ್ಲ.

ಪರೀಕ್ಷೆ ನಡೆಸುವವರಿಗೂ ಇದು ಅರಿವಾಗಿದೆ. ಜಿಆರ್‌ಇಯಲ್ಲಿ 2011ರವರೆಗೂ ಒಂಟಿ ಪದ ಕೊಟ್ಟು ವಿರುದ್ಧಪದ ಕೇಳುವ ಪ್ರಶ್ನೆಗಳಿದ್ದವು. ಆ ವರ್ಷ ಅವನ್ನು ತೆಗೆದು, ವಾಕ್ಯದೊಳಗಿನ ಖಾಲಿ ಜಾಗಕ್ಕೆ ಪದ ಆರಿಸುವ ಪ್ರಶ್ನೆಗಳಿಗೆ ಜಾಗ ಕೊಟ್ಟರು. ಪಟ್ಟಿಗಳು ಮಾತ್ರ ಕೋಚಿಂಗ್ ತರಗತಿಗಳಲ್ಲಿ ಹಾಗೆಯೇ ಉಳಿದಿವೆ.

ಆದ್ದರಿಂದ ಚೀಟಿಯ ಮುಂಭಾಗದಲ್ಲಿ ಒಂಟಿ ಪದ ಬೇಡ. ಪತ್ರಿಕೆಯಲ್ಲೋ ಪುಸ್ತಕದಲ್ಲೋ ಆ ಪದ ಸಿಕ್ಕಿದ ವಾಕ್ಯವನ್ನೇ ಬರೆದು, ಪದದ ಜಾಗ ಖಾಲಿ ಬಿಡಿ. ಪದವನ್ನು ಹಿಂಭಾಗದಲ್ಲಿ ಬರೆಯಿರಿ. ಇನ್ನೊಂದು ಕಡೆ ಅದೇ ಪದ ಸಿಕ್ಕರೆ ಆ ವಾಕ್ಯಕ್ಕೊಂದು ಬೇರೆ ಚೀಟಿ. ಅರ್ಥದಿಂದ ಪದವನ್ನು ಕೀಳುವ ಅಭ್ಯಾಸ ಇದ್ದರೆ ಮಾತಿನ ನಡುವೆ ಪದ ನಾಲಗೆಗೆ ಬರುತ್ತದೆ. ಪದದಿಂದ ಅರ್ಥಕ್ಕೆ ಹೋಗುವ ಅಭ್ಯಾಸವಷ್ಟೇ ಇದ್ದರೆ ಓದುವಾಗ ಗುರುತು ಸಿಕ್ಕೀತು, ಮಾತಿಗೆ ಒದಗದು. ಪೆನ್ಸಿಲಿನ ಓದುಗರು ಮಾಡುತ್ತಿದ್ದುದು ಎರಡನೆಯದನ್ನು, ಅದೂ ನೆನಪಿನ ಬದಲು ನಿಘಂಟಿನಿಂದ ಕಿತ್ತು.

ಹಳೆಯ ಬೇರಿಗೆ ಹೊಸ ಚಿಗುರು

ಹೆನ್ರಿ ಮೊಲೈಸನ್ ಅವರ ಕಥೆಯಲ್ಲಿ ಕೊನೆಯ ಭಾಗವೊಂದಿದೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರು ಅವರ ಪ್ರೀತಿಯ ಪದಬಂಧಗಳನ್ನೇ ಬಳಸಿದರು. ಕೆಲವು ಪದಬಂಧಗಳಲ್ಲಿ ಉತ್ತರವೂ ಸುಳಿವೂ 1953ಕ್ಕಿಂತ ಹಳೆಯವು. ಕೆಲವದರಲ್ಲಿ ಉತ್ತರ ಹಳೆಯದು, ಸುಳಿವು ಹೊಸದು. ಉದಾಹರಣೆಗೆ, ಸಾಲ್ಕ್ ಲಸಿಕೆಯಿಂದ ತಡೆಯಲಾದ ಮಕ್ಕಳ ರೋಗ ಯಾವುದು? ಪೋಲಿಯೊ ಅವರಿಗೆ ಬಾಲ್ಯದಿಂದ ಗೊತ್ತು, ಲಸಿಕೆ ಬಂದದ್ದು ಶಸ್ತ್ರಕ್ರಿಯೆಯ ನಂತರ. ಅದೇ ಪದಬಂಧವನ್ನು ದಿನವೂ ಬಿಡಿಸುತ್ತ ಹೋದಂತೆ, ಹೊಸದನ್ನು ಹಳೆಯದಕ್ಕೆ ಕಟ್ಟಬಹುದಾಗಿದ್ದ ಕಡೆಗಳಲ್ಲಿ ಅವರು ಸುಧಾರಿಸಿದರು. ಹಾಗೆ ಕಟ್ಟಲು ಏನೂ ಇಲ್ಲದ ಕಡೆ ಸುಧಾರಿಸಲಿಲ್ಲ. ಮಡಿಯೇ ಇಲ್ಲದವರಲ್ಲೂ, ಗದ್ದೆಯಲ್ಲಿ ಮೊದಲೇ ಬೇರುಬಿಟ್ಟಿದ್ದ ಒಂದು ಗಿಡಕ್ಕೆ ಅಂಟಿಕೊಂಡು ಹೊಸದೊಂದು ಚಿಗುರಿತು.

ಆರೋಗ್ಯವಂತ ಮಿದುಳಿನಲ್ಲಿ ಈ ಅನುಕೂಲ ಎಷ್ಟೋ ಪಟ್ಟು ದೊಡ್ಡದು. ಕನ್ನಡದಲ್ಲಿ ಚೆನ್ನಾಗಿ ಓದಿಕೊಂಡ ಹುಡುಗಿಯೊಬ್ಬಳು 'ಮಿಟಿಗೇಟ್' ಎಂಬ ಪದದ ಮುಂದೆ ಬರಿಗೈಯಲ್ಲಿ ನಿಂತಿಲ್ಲ. ಬರದ ತೀವ್ರತೆ ತಗ್ಗಿಸುವ ಕ್ರಮ, ಶಿಕ್ಷೆಯ ಪ್ರಮಾಣ ಇಳಿಸಲು ವಕೀಲರು ಮುಂದಿಡುವ ಕಾರಣ, ಹವಾಮಾನ ಬದಲಾವಣೆಯ ಪರಿಣಾಮ ಕಡಿಮೆ ಮಾಡುವ ಯೋಜನೆ, ಇವೆಲ್ಲ ಕನ್ನಡ ಪತ್ರಿಕೆಯಲ್ಲಿ ಅವಳು ಓದಿದವೇ. ಇಂಗ್ಲಿಷಿನಲ್ಲಿ ಈ ಮೂರೂ ಸಂದರ್ಭಕ್ಕೆ ಬರುವುದು 'ಮಿಟಿಗೇಟ್'. ಅದರ ಒಡನಾಟದ ಬಹುಪಾಲು ಅವಳ ಗದ್ದೆಯಲ್ಲಿ ಆಗಲೇ ಇದೆ. ಚೀಟಿಯ ಮುಂಭಾಗದಲ್ಲಿ, ಖಾಲಿ ಜಾಗದ ವಾಕ್ಯದ ಕೆಳಗೆ, 'ಶಮನಗೊಳಿಸು' ಎಂಬ ನಿಘಂಟಿನ ಒಂದು ಪದದ ಬದಲು ಈ ಮೂರು ಸಂದರ್ಭಗಳನ್ನು ತನ್ನದೇ ಕನ್ನಡದಲ್ಲಿ ಅವಳು ಬರೆದುಕೊಳ್ಳಲಿ. ಮೂರನೇ ದಿನ ಚೀಟಿ ಕೈಗೆ ಬಂದಾಗ ಹಿಂಭಾಗ ತಿರುಗಿಸುವ ಮೊದಲು ಹತ್ತು ಸೆಕೆಂಡು ತಡೆದು ನೆನೆಯಲಿ. ಬಾರದಿದ್ದರೆ ತಿರುಗಿಸಿ ನೋಡಿ, ಮೊದಲ ಅಂಕಣಕ್ಕೆ ಹಾಕಿ, ಮಲಗಲಿ.